ತಪ್ಪಿನ ಕೇಕು

ಎಬ್ಬೆ ಕ್ರಾಗ್ ಬೆಳಿಗ್ಗೆ ಕೆಲಸಕ್ಕೆ ಬಂದವರ ಕುತ್ತಿಗೆ ಮೂಸುತ್ತಿದ್ದ. ಬೇರೆ ಯಾವ ಕಚೇರಿಯಲ್ಲಾದರೂ ಇದಕ್ಕೆ ಪೊಲೀಸರನ್ನು ಕರೆಯುತ್ತಾರೆ. ನಮ್ಮ ಪ್ರಯೋಗಾಲಯದಲ್ಲಿ ಅದು ಹಾಜರಿ. ಅರುವತ್ತು ಮುಟ್ಟಿದ ವಿಜ್ಞಾನಿ ತೊಟ್ಟಿಲುಕೋಣೆಯ ಬಾಗಿಲಲ್ಲಿ ನಿಂತು, ಮರದಡಿ ಕಾಯಿ ಹುಡುಕುವ ಹಂದಿಯ ಹಾಗೆ ಮೂಗು ಚಾಚಿ, "ಶಾಂಪೂ ಬದಲಾಯ್ಸಿದೀಯಾ ಪಲ್ಲೆ?" ಅನ್ನುತ್ತಿದ್ದ. ಬದಲಾಯಿಸಿದ್ದರೆ ವಾಪಸ್ಸು ಮನೆಗೆ.

ಪಲ್ಲೆ ಅಂದರೆ ನಾನು. ಕಸಾಯಿಖಾನೆಯಿಂದ ಹಂದಿಯ ಅಂಡಾಶಯಗಳನ್ನು ಥರ್ಮಾಸ್ ಫ್ಲಾಸ್ಕಿನಲ್ಲಿ ಬೆಚ್ಚಗೆ ತುಂಬಿ ವ್ಯಾನಿನಲ್ಲಿ ತರುವುದು ನನ್ನ ಕೆಲಸ. ಎಬ್ಬೆಯ ಆಶಯವೆಲ್ಲ ಆ ಅಂಡಾಶಯದಲ್ಲೇ ಇತ್ತು. ಮಂಗಳವಾರ ಅದರಿಂದ ಅಂಡಗಳನ್ನು ಹೀರಿ ತೆಗೆದು ಮಾಗಲು ಇಡುತ್ತಿದ್ದರು. ಗುರುವಾರ ವೀರ್ಯದ ಜೊತೆ ಮದುವೆ. ಶುಕ್ರವಾರ ತೊಟ್ಟಿಲು. ಮನುಷ್ಯರಲ್ಲಿ ಇಷ್ಟು ಅವಸರ ಮಾಡಿದರೆ ಊರು ಆಡಿಕೊಳ್ಳುತ್ತದೆ.

ತೊಟ್ಟಿಲು ಅಂದರೆ ಇನ್‌ಕ್ಯುಬೇಟರ್. ಒಳಗೆ ಹಂದಿಯ ಮೈಯಷ್ಟೇ ಬಿಸಿ, ಹಂದಿಯ ಹೊಟ್ಟೆಯಷ್ಟೇ ಕತ್ತಲೆ. ಪುಟ್ಟ ತಟ್ಟೆಯಲ್ಲಿ ಹನಿಹನಿಯಾಗಿ ಪೋಷಕ ದ್ರವ. ಅದನ್ನು ನಾವು ಸಾರು ಅನ್ನುತ್ತಿದ್ದೆವು. ಸಾರಿನ ಮೇಲೆ ಎಣ್ಣೆಯ ಹೊದಿಕೆ. ಆ ಹನಿಯೊಳಗೆ ಕಣ್ಣಿಗೆ ಕಾಣದ ಭ್ರೂಣಗಳು. ಶುಕ್ರವಾರ ಸಾರಿಗಿಳಿಸಿದ್ದನ್ನು ಮುಂದಿನ ಗುರುವಾರ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬದುಕಿದವು ಒಳಗೆ ಪೊಳ್ಳಾಗಿ ಹೊಳೆಯುವ ಗುಳ್ಳೆಗಳಾಗಿರುತ್ತಿದ್ದವು. ಸತ್ತವು ಕಾಫಿಪುಡಿಯ ಹಾಗೆ ಕಪ್ಪಗೆ ಮುದುಡಿರುತ್ತಿದ್ದವು. ಗುಳ್ಳೆಗಳನ್ನು ಚೆನ್ನಾಗಿ ಬೆಳೆಸಲು ಬಂದರೆ ಹಂದಿಯನ್ನು ಲಾರಿಯಲ್ಲಿ ಒದ್ದಾಡಿಸಿ ಕಳಿಸುವ ಬದಲು ಭ್ರೂಣವನ್ನೇ ಕಳಿಸಬಹುದು, ರೋಗವೂ ಜೊತೆಗೆ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುವುದಿಲ್ಲ ಎಂಬುದು ಎಬ್ಬೆಯ ಜೀವಮಾನದ ಆಸೆ. ಅದಕ್ಕೇ ಆ ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚು, ಒಂದು ಚಿಟಿಕೆ ಸಕ್ಕರೆ ಕಮ್ಮಿ ಅಂತ ಇಪ್ಪತ್ತು ವರ್ಷದಿಂದ ಅತ್ತೆಮನೆಗೆ ಹೊಸದಾಗಿ ಬಂದ ಸೊಸೆಯ ಹಾಗೆ ರುಚಿ ಸರಿಮಾಡುತ್ತಲೇ ಇದ್ದ.

ಈ ಭ್ರೂಣಗಳದು ಮಹಾ ನಾಜೂಕು. ಕೆಸರಲ್ಲಿ ಹೊರಳಾಡುವ ಪ್ರಾಣಿಯ ಸಂತಾನ ಸೆಂಟಿನ ವಾಸನೆ ತಡೆಯಲಾರದು. ಗಾಳಿಯಲ್ಲಿ ತೇಲುವುದನ್ನೆಲ್ಲ ಮೇಲಿನ ಎಣ್ಣೆ ಉಣ್ಣೆಯ ಸ್ವೆಟರಿನಂತೆ ಹೀರಿಕೊಂಡು ನಿಧಾನವಾಗಿ ಸಾರಿಗೆ ಬಿಡುತ್ತದೆ. ಕೋಣೆಯ ಗಾಳಿ ಸೋಸುವ ಯಂತ್ರ ಧೂಳು ಹಿಡಿಯುತ್ತಿತ್ತೇ ಹೊರತು ವಾಸನೆ ಹಿಡಿಯುತ್ತಿರಲಿಲ್ಲ. ಆ ಕೆಲಸ ಎಬ್ಬೆಯ ಮೂಗಿನದು.

ನಮ್ಮಲ್ಲಿ ಇನ್ನೊಂದು ನಿಯಮವೂ ಇತ್ತು. ಅದು ನಮ್ಮೊಬ್ಬರದೇ ಅಲ್ಲ. ಈ ದೇಶದ ಆಸ್ಪತ್ರೆ, ಬ್ಯಾಂಕು, ಬಸ್ಸು ಡಿಪೋ ಎಲ್ಲ ಕಡೆ ಉಂಟು. ತಪ್ಪು ಮಾಡಿದವರು ಶುಕ್ರವಾರ ಕೇಕು ತರಬೇಕು. ಎಲ್ಲರೆದುರು ತಪ್ಪು ಹೇಳಿ, ನಗಿಸಿ, ಕತ್ತರಿಸಿ ಹಂಚಬೇಕು. ಕೊನೆಯ ಚೂರು ಹೊಟ್ಟೆಗಿಳಿದ ಮೇಲೆ ಆ ತಪ್ಪಿನ ಮಾತನ್ನು ಯಾರೂ ಎತ್ತುವಂತಿಲ್ಲ. ನಾನೊಮ್ಮೆ ಅಂಡಾಶಯದ ಫ್ಲಾಸ್ಕನ್ನು ಮರೆತು ಕಾಫಿ ಮೇಜಿನ ಮೇಲಿಟ್ಟಿದ್ದೆ. ನಮ್ಮ ಜೊತೆ ಕೆಲಸ ಮಾಡುವ ಬೋಡಿಲ್ ಕಾಫಿಯೆಂದು ಅದನ್ನು ತನ್ನ ಕಪ್ಪಿಗೆ ಬಗ್ಗಿಸಿಕೊಂಡಳು. ಅವತ್ತು ಅವಳ ಬಾಯಿಂದ ಬಂದ ಮಾತುಗಳನ್ನು ಅಚ್ಚು ಹಾಕುವಂತಿಲ್ಲ. ಶುಕ್ರವಾರ ನಾನು ಸೇಬಿನ ಕೇಕು ತಂದೆ, ಅವಳು ಎರಡು ಚೂರು ತಿಂದಳು, ಮುಗಿಯಿತು. ಇವತ್ತಿಗೂ ಆ ಮಾತೆತ್ತಿಲ್ಲ. ಸುರಿಯುವ ಮುಂಚೆ ಫ್ಲಾಸ್ಕನ್ನು ಮೂಸುತ್ತಾಳೆ, ಅಷ್ಟೇ.

ಬೋಡಿಲ್ ಭ್ರೂಣಗಳನ್ನು ಸಾರಿನಿಂದ ಸಾರಿಗೆ ಸಾಗಿಸುವವಳು. ತುಂಬಿದ ಕೊಡದ ಹಾಗೆ ತುಳುಕದ ಕೈ. ಅವಳಿಗೂ ವಯಸ್ಸಾಗುತ್ತ ಬಂತು ಅಂತ ಎಬ್ಬೆ ಇನ್ನೊಂದು ಕೈ ಹುಡುಕಿದ. ಸೆಪ್ಟೆಂಬರಿನಲ್ಲಿ ಅಸ್ಗರ್ ಬಂದ.

ಮೋರ್ಸ್ ದ್ವೀಪದ ಹುಡುಗ ಅನ್ನಬಹುದು, ಮೂವತ್ತಾಗಿದ್ದರೂ. ಅಷ್ಟೆತ್ತರ, ಅಷ್ಟು ನಾಚಿಕೆ. ಆದರೆ ಕೈ ಮಾತ್ರ! ಮೊದಲ ದಿನ ಬೋಡಿಲ್ ಕೂದಲೆಳೆಯಂಥ ಗಾಜಿನ ನಳಿಗೆ ಕೊಟ್ಟು ಒಂದು ಅಂಡ ಎತ್ತು ನೋಡೋಣ ಅಂದಳು. ಅವನು ಒಂದೊಂದಾಗಿ ಎತ್ತಿ, ಬಟಾಣಿ ಜೋಡಿಸಿದ ಹಾಗೆ ಸಾಲಾಗಿಟ್ಟ.

"ಎಲ್ಲಿ ಕಲಿತೆಯೋ?" ಅಂದಳು ಬೋಡಿಲ್.

"ಅಜ್ಜಿ ಲೇಸು ಹೆಣೀತಿದ್ರು. ದಾರ ಸಿಕ್ಕಾದ್ರೆ ಬಿಡಿಸೋ ಕೆಲಸ ನಂದು."

"ಎಬ್ಬೆ, ಇವನನ್ನ ಬಿಟ್ಟುಗಿಟ್ಟೀಯ. ಬೇಕಾದ್ರೆ ನೀನೇ ಕೆಲಸ ಬಿಡು."

ಎಬ್ಬೆ ನಕ್ಕ. ನಮ್ಮಲ್ಲಿ ಬಹುವಚನವೇನಿದ್ದರೂ ಅರಮನೆಗೆ. ಪ್ರಯೋಗಾಲಯದ ಮುಖ್ಯಸ್ಥನಿಗೆ ಏಕವಚನ, ಜೊತೆಗೆ ಒಂದು ಕುಟುಕು. ಈಸ್ಟರಿನವರೆಗೆ ತಾತ್ಕಾಲಿಕ ಕೆಲಸ, ಅಷ್ಟರೊಳಗೆ ಅಸ್ಗರ್‌ನ ತಟ್ಟೆಗಳಲ್ಲೂ ಬೋಡಿಲ್‌ಳಷ್ಟೇ ಗುಳ್ಳೆ ಬಂದರೆ ಕಾಯಂ ಎಂದು ಮಾತಾಯಿತು. ಅಸ್ಗರ್‌ಗೆ ಬೇಕಾಗಿದ್ದೂ ಅದೊಂದೇ. ಭ್ರೂಣದ ಕೆಲಸ ಬಿಟ್ಟು ಬೇರೇನೂ ಮಾಡುವ ಆಸೆ ಅವನಿಗೆ ಇರಲಿಲ್ಲ. ಗುಳ್ಳೆ ಹೊಳೆಯುವುದನ್ನು ನೋಡಿದಾಗ ಆ ಉದ್ದನೆಯ ಮನುಷ್ಯ ಸಣ್ಣಗೆ ಶಿಳ್ಳೆ ಹಾಕುತ್ತಿದ್ದ.

ಅಕ್ಟೋಬರಿನವರೆಗೆ ಶಿಳ್ಳೆ ಕೇಳುತ್ತಲೇ ಇತ್ತು. ಆಮೇಲೆ ಒಂದು ತಪ್ಪಾಯಿತು, ನಿಜವಾದ ತಪ್ಪು. ಫೋನು ಬಂತೆಂದು ಅವನು ಒಂದು ತಟ್ಟೆಯನ್ನು ಬೆಚ್ಚನೆಯ ಫಲಕದ ಮೇಲಿಡುವ ಬದಲು ಬರೀ ಮೇಜಿನ ಮೇಲಿಟ್ಟು ಹೋದ. ಹಂದಿ ಭ್ರೂಣಕ್ಕೆ ಮೈತುಂಬ ಕೊಬ್ಬಿದ್ದರೂ ಚಳಿ ತಡೆಯಲಾಗದು. ಅಷ್ಟೂ ಸತ್ತವು.

"ಕೇಕು!" ಎಂದು ಬೋಡಿಲ್ ಕೂಗಿದಳು. ನಾನು ಚಪ್ಪಾಳೆ ಹೊಡೆದೆ. ಹೊಸಬನ ಮೊದಲ ಕೇಕೆಂದರೆ ನಾಮಕರಣವಿದ್ದ ಹಾಗೆ.

ಆ ಶುಕ್ರವಾರ ಅಸ್ಗರ್ ಬೆಳಿಗ್ಗೆ ಮನೆಯಲ್ಲೇ ಕೂತು ಕೇಕು ಬೇಯಿಸಿದ. ನಾವು ಕನಸಿನ ಕೇಕು ಅನ್ನುವಂಥದ್ದು, ಮೇಲೆ ಕೊಬ್ಬರಿ, ಬೆಣ್ಣೆ, ಕಂದುಸಕ್ಕರೆಯ ಹೊದಿಕೆ. ಹೀಗಾಗಿ ಕೆಲಸಕ್ಕೆ ಬರುವುದು ತಡವಾಯಿತು. ಬೆಳಿಗ್ಗೆ ಮುಗಿಸಬೇಕಿದ್ದ ತಟ್ಟೆಗಳು ಮಧ್ಯಾಹ್ನದ ಕಾಫಿ ಆದ ಮೇಲಕ್ಕೆ ಹೋದವು. ಬೋಡಿಲ್ ತನ್ನವನ್ನು ಬೆಳಿಗ್ಗೆಯೇ ತೊಟ್ಟಿಲಿಗೆ ಹಾಕಿ ಬಾಗಿಲು ಮುಚ್ಚಿದ್ದಳು.

ಹೊರಗೆ ಮೂರಕ್ಕೇ ಕತ್ತಲಾಗುವ ಕಾಲ ಹತ್ತಿರವಾಗಿತ್ತು. ಅಸ್ಗರ್ ಕೇಕು ಹಿಡಿದು ನಿಂತ, ಕಿವಿಯೆಲ್ಲ ಕೆಂಪು. ಎಬ್ಬೆಗೆ ಅಯ್ಯೋ ಅನ್ನಿಸಿತು. ಒಳಗೆ ಹೋಗಿ ಕಪಾಟಿನಿಂದ ಮೇಣದಬತ್ತಿಗಳನ್ನು ತಂದು ಮೇಜಿನ ತುಂಬ ಹಚ್ಚಿಟ್ಟ. ಎಬ್ಬೆಯ ಅಕ್ಕ ತೂರಾ ಜೇನುಮೇಣಕ್ಕೆ ಸ್ಪ್ರೂಸ್ ಮರದ ಪರಿಮಳದ ಎಣ್ಣೆ ಬೆರೆಸಿ ತಾನೇ ಎರಕ ಹೊಯ್ದು ಒಂದು ಪೆಟ್ಟಿಗೆ ತುಂಬ ಕಳಿಸಿದ್ದ ಬತ್ತಿಗಳು ಅವು. ಕೋಣೆ ಬೆಚ್ಚಗೆ, ಹಳದಿಯಾಗಿ, ಕ್ರಿಸ್ಮಸ್ ಮುಂಚೆಯೇ ಬಂದ ಹಾಗಾಯಿತು. ಅಸ್ಗರ್‌ನ ಕಿವಿಗಳು ಮಾಮೂಲಿ ಬಣ್ಣಕ್ಕೆ ತಿರುಗಿದವು. ಕಾಫಿ ಕೋಣೆಗೂ ತೊಟ್ಟಿಲುಕೋಣೆಗೂ ನಡುವೆ ಒಂದೇ ಬಾಗಿಲು. ತೊಟ್ಟಿಲಿನ ಅಲಾರಂ ಹೊಡೆದರೆ ಕೇಳಲಿ ಅಂತ ಕಾಫಿ ಹೊತ್ತಿನಲ್ಲಿ ಅದನ್ನು ಅರ್ಧ ತೆರೆದಿಡುವುದು ವಾಡಿಕೆ.

ಮೇಣದಬತ್ತಿಯನ್ನು ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಈ ದೇಶದಲ್ಲಿ ಚಳಿಗಾಲದ ಮೇಜಿನ ಮೇಲೆ ಮೇಣದಬತ್ತಿ ಇರುವುದು ಮುಖದ ಮೇಲೆ ಮೂಗಿರುವ ಹಾಗೆ. ಮೂಗಿನ ಮೇಲೆ ಯಾರು ಅನುಮಾನ ಪಡುತ್ತಾರೆ? ಸೆಂಟಿನ ನಿಯಮ ಮನುಷ್ಯರ ಕುತ್ತಿಗೆಗೆ, ಬತ್ತಿಗೆ ಕುತ್ತಿಗೆಯೆಲ್ಲಿದೆ?

ಕಾಫಿ ಮುಗಿಸಿ ಅಸ್ಗರ್ ಒಳಗೆ ಹೋಗಿ, ಹೊಸ ತಟ್ಟೆಗಳಿಗೆ ಎಣ್ಣೆ ಹೊದಿಸಿ, ಭ್ರೂಣಗಳನ್ನು ಸಾರಿಗಿಳಿಸಿದ.

ಮುಂದಿನ ಗುರುವಾರ ಬೋಡಿಲ್‌ಳ ತಟ್ಟೆಯಲ್ಲಿ ಗುಳ್ಳೆಗಳು ಮಾಮೂಲಿನಂತೆ. ಅಸ್ಗರ್‌ನದರಲ್ಲಿ ಕಾಫಿಪುಡಿ.

"ಏನು ಮಾಡಿದೆ?" ಎಂದ ಎಬ್ಬೆ.

"ಏನೂ ಮಾಡ್ಲಿಲ್ಲ."

"ಏನೋ ಮಾಡಿರ್ತೀಯ."

"ಹೌದು, ಮಾಡಿರ್ತೀನಿ," ಎಂದ ಅಸ್ಗರ್. ನಾಚಿಕೆಯವರ ಕಷ್ಟವೇ ಇದು. ಇನ್ನೊಬ್ಬರು ಎರಡನೇ ಸಲ ಕೇಳಿದರೆ ಒಪ್ಪಿಕೊಂಡುಬಿಡುತ್ತಾರೆ. ಶುಕ್ರವಾರ ಮತ್ತೆ ಕೇಕು. ಮತ್ತೆ ತಡ. ಮತ್ತೆ ಮೇಣದಬತ್ತಿ. ಮತ್ತೆ ಕಾಫಿ ಆದ ಮೇಲೆ ತಟ್ಟೆ. ಮತ್ತೆ ಗುರುವಾರ.

ನವೆಂಬರ್ ಹೋಗಿ ಡಿಸೆಂಬರ್ ಬಂತು. ಅಸ್ಗರ್ ಬೇಯಿಸುವುದರಲ್ಲಿ ಪಳಗಿದ. ಕನಸಿನ ಕೇಕು, ದಾಲ್ಚಿನ್ನಿ ಸುರುಳಿ, ಬಾದಾಮಿ ಉಂಗುರ. ತೊಟ್ಟಿಲಲ್ಲಿ ಉಬ್ಬದಿದ್ದದ್ದು ಓವೆನ್ನಿನಲ್ಲಿ ಉಬ್ಬುತ್ತಿತ್ತು. ನಾನು ದಪ್ಪಗಾದೆ. ಪ್ರತಿ ವಾರ ಅವನು ನಿಂತು ಹೇಳಬೇಕಾದ ತಪ್ಪು ಅವನಿಗೇ ಗೊತ್ತಿರಲಿಲ್ಲ, ಆದ್ದರಿಂದ ಕಟ್ಟಿ ಹೇಳುತ್ತಿದ್ದ. "ಬಹುಶಃ ನಳಿಗೆಯಲ್ಲಿ ಜೋರಾಗಿ ಊದಿದೆ." "ಬಹುಶಃ ಎಣ್ಣೆ ಹನಿಸುವಾಗ ಕೆಮ್ಮಿದೆ." ಒಮ್ಮೆ, "ಬಹುಶಃ ಅವಕ್ಕೆ ನಾನು ಇಷ್ಟ ಇಲ್ಲ." ನಾವು ಬಿದ್ದು ಬಿದ್ದು ನಕ್ಕೆವು. ಅವನೂ ನಕ್ಕ. ಕೇಕು ತಿಂದ ಮೇಲೆ ತಪ್ಪು ಮುಗಿಯಬೇಕು. ಅವನದು ಮಾತ್ರ ತಿಂದಷ್ಟೂ ಹುಟ್ಟುತ್ತಿತ್ತು.

ಎಬ್ಬೆ ಅನ್ಯಾಯದ ಮನುಷ್ಯನಲ್ಲ. ಸಾರು ಬದಲಾಯಿಸಿ ನೋಡಿದ. ಎಣ್ಣೆಯ ಬಾಟಲಿ ಬದಲಾಯಿಸಿದ. ಇಬ್ಬರ ತೊಟ್ಟಿಲುಗಳನ್ನು ಅದಲುಬದಲು ಮಾಡಿದ. ಅಸ್ಗರ್‌ನ ಭ್ರೂಣಗಳು ಬೋಡಿಲ್‌ಳ ತೊಟ್ಟಿಲಲ್ಲೂ ಸತ್ತವು, ಬೋಡಿಲ್‌ಳವು ಅವನ ತೊಟ್ಟಿಲಲ್ಲಿ ನಳನಳಿಸಿದವು. ದಿನಾ ಬೆಳಿಗ್ಗೆ ಅಸ್ಗರ್‌ನ ಕುತ್ತಿಗೆಯನ್ನು ಎರಡೆರಡು ಸಲ ಮೂಸಿದ. ಅಸ್ಗರ್ ಸೋಪು ಬಿಟ್ಟ, ಶೇವಿಂಗ್ ಕ್ರೀಮು ಬಿಟ್ಟ, ಗಡ್ಡ ಬಿಟ್ಟ.

"ಇನ್ನೇನು ಬಿಡ್ಬೇಕು ಹೇಳು ಎಬ್ಬೆ, ಬಿಡ್ತೀನಿ."

"ಉಸಿರು ಬಿಡು. ಆರಾಮಾಗಿರು," ಎಂದು ಎಬ್ಬೆ ಬೆನ್ನು ತಟ್ಟಿ, ಅವನ ಕೇಕಿನ ತಟ್ಟೆಯ ಪಕ್ಕ ಇನ್ನೊಂದು ಬತ್ತಿ ಹಚ್ಚಿದ.

ಆ ಚಳಿಗಾಲದಲ್ಲಿ ಎಬ್ಬೆ ಅವನನ್ನು ಒಂದೆರಡು ಸಲ ಬೈದದ್ದೂ ಉಂಟು. ಬೈಗುಳದಿಂದ ಒಂದು ಭ್ರೂಣಕ್ಕೂ ಏನೂ ಆಗಲಿಲ್ಲ. ಕೊಂದದ್ದೆಲ್ಲ ಸಮಾಧಾನವೇ.

ಫೆಬ್ರವರಿಯ ಹೊತ್ತಿಗೆ ಅಸ್ಗರ್ ಒಂದು ಅಭ್ಯಾಸ ಹಚ್ಚಿಕೊಂಡಿದ್ದ. ಕೆಲಸವಿಲ್ಲದಾಗ ಎರಡೂ ಕೈಗಳನ್ನು ಜೇಬಿನೊಳಗೆ ತೂರಿಸಿಡುತ್ತಿದ್ದ, ಯಾರ ಕೈಗೂ ಸಿಗಬಾರದು ಅನ್ನುವ ಹಾಗೆ. ಬೋಡಿಲ್ ಕೇಳಿದರೆ, "ಚಳಿ" ಅಂದ. ಆಮೇಲೆ ಮೆಲ್ಲಗೆ, "ಕೈಗುಣ ಅಂತಾರಲ್ಲ ಬೋಡಿಲ್, ಅದು ನಿಜವಾ?"

"ಹುಚ್ಚ. ನಿನ್ನ ಕೈ ನನಗಿಂತ ಚೆನ್ನಾಗಿದೆ."

"ಮತ್ತೆ?"

ಬೋಡಿಲ್ ಅವನ ತಟ್ಟೆಗಳನ್ನು ಇನ್ನೊಮ್ಮೆ ಸೂಕ್ಷ್ಮದರ್ಶಕದಡಿ ಇಟ್ಟಳು.

ಈಸ್ಟರಿಗೆ ಮುಂಚಿನ ವಾರ ಎಬ್ಬೆ ಅವನನ್ನು ಕಾಫಿ ಕೋಣೆಗೆ ಕರೆದ. ನಾನು ಮೂಲೆಯಲ್ಲಿ ಫ್ಲಾಸ್ಕು ತೊಳೆಯುತ್ತಿದ್ದೆ. ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಎಬ್ಬೆ ಮೊದಲು ಬತ್ತಿ ಹಚ್ಚಿದ. ಕೆಟ್ಟ ಮಾತನ್ನು ಟ್ಯೂಬ್‌ಲೈಟಿನ ಕೆಳಗೆ ಆಡುವಷ್ಟು ಕಲ್ಲುಮನಸ್ಸು ಅವನದಲ್ಲ.

"ಅಸ್ಗರ್, ನಿನ್ನ ತಪ್ಪು ಅಂತ ನಾನು ಹೇಳ್ತಿಲ್ಲ. ಕೆಲವರ ಕೈಗೆ ಈ ಕೆಲಸ ಒಗ್ಗೋದಿಲ್ಲ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

"ಸರಿ."

"ನೀನು ಬೇರೆ ಏನು ಬೇಕಾದ್ರೂ ಮಾಡಬಲ್ಲೆ."

"ಸರಿ."

"ಬೈಯೋದಾದ್ರೆ ಬೈ ಮಾರಾಯ."

"ಇಲ್ಲ ಬಿಡು. ನಾಳೆ ಕೇಕು ತರ್ತೀನಿ. ಹೋಗುವವರು ತರ್ಬೇಕಲ್ಲ."

ತಂದ. ನಾವು ತಿಂದೆವು. ಅದು ಅವನು ಮಾಡಿದ ಕೇಕುಗಳಲ್ಲೆಲ್ಲ ಚೆನ್ನಾಗಿತ್ತು. ಅವನ ಕೈಹಿಡಿದಿದ್ದ ಕೆಲಸ ಅವನ ಕೈಬಿಟ್ಟಿತು. ನಾವು ಕರವಸ್ತ್ರದಲ್ಲಿ ಕೈ ಒರೆಸಿಕೊಂಡೆವು.

ಬೇಸಿಗೆ ಬಂತು. ಹೊರಗೆ ಸಾಸಿವೆ ಜಾತಿಯ ರೇಪ್ ಹೂವಿನ ಹೊಲಗಳು ಹಳದಿಯಾದವು. ಮಲಗುವ ಹೊತ್ತಿಗೂ ಬೆಳಕಿರುವ ಆ ತಿಂಗಳುಗಳಲ್ಲಿ ಬತ್ತಿ ಹಚ್ಚುವವರು ಯಾರು? ಕಾಫಿಯನ್ನು ಅಂಗಳದ ಬೆಂಚಿನ ಮೇಲೆ ಕುಡಿದೆವು. ಬೋಡಿಲ್ ಒಬ್ಬಳೇ ಎರಡೂ ತೊಟ್ಟಿಲು ತುಂಬಿಸಿದಳು, ಬೆಳಿಗ್ಗೆಯೂ ಮಧ್ಯಾಹ್ನವೂ. ಗುಳ್ಳೆಗಳೆಂದರೆ ಗುಳ್ಳೆಗಳು! ಎಬ್ಬೆ ಆಗಷ್ಟೇ ಸಾರಿಗೆ ಹೊಸದೊಂದು ಅಮೈನೋ ಆಮ್ಲ ಬೆರೆಸಿದ್ದ. ಸಹಜವಾಗಿಯೇ ಕೀರ್ತಿ ಸಾರಿಗೆ ಹೋಯಿತು, ಸಾರಿನಿಂದ ಎಬ್ಬೆಗೆ ಬಂತು. ಒಂದು ಸಮ್ಮೇಳನದಲ್ಲಿ ಅದರ ಬಗ್ಗೆ ಮಾತಾಡಿ ಚಪ್ಪಾಳೆ ಗಿಟ್ಟಿಸಿಕೊಂಡೂ ಬಂದ. "ಹಳೇ ಸಾರಿನಲ್ಲಿ ಏನೋ ಕೊರತೆ ಇತ್ತು. ಅಸ್ಗರ್ ಇನ್ನೊಂದು ಸ್ವಲ್ಪ ದಿನ ಇದ್ದಿದ್ರೆ ಅವನಿಗೂ ಗುಳ್ಳೆ ಬಂದಿರೋದು ಪಾಪ," ಎಂದ. ಆ 'ಪಾಪ' ಯಾರ ಪಾಪ ಅಂತ ಆಗ ಗೊತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಬೋಡಿಲ್ ಸೂಕ್ಷ್ಮದರ್ಶಕದ ಮೇಲೆ ಕಾಫಿ ಚೆಲ್ಲಿದಳು.

"ಕೇಕು!" ಎಂದೆ ನಾನು. ಬಹಳ ದಿನದಿಂದ ಬಾಯಿ ಬರಗೆಟ್ಟಿತ್ತು.

"ತರ್ತೀನಿ ಹೊಟ್ಟೆಬಾಕ," ಎಂದಳು.

ಶುಕ್ರವಾರ ಬೇಕರಿಯಲ್ಲಿ ಸರತಿ ನಿಂತು ಬರುವಷ್ಟರಲ್ಲಿ ತಡವಾಗಿ, ಅವಳ ತಟ್ಟೆಗಳೆಲ್ಲ ಕಾಫಿ ಆದ ಮೇಲಕ್ಕೆ ಹೋದವು. ಕೋಣೆ ಕತ್ತಲಾಗಿತ್ತು. ಎಬ್ಬೆ ತೂರಕ್ಕನ ಪೆಟ್ಟಿಗೆ ತೆರೆದ.

ಮುಂದಿನ ಗುರುವಾರ ಬೋಡಿಲ್ ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ ಬಹಳ ಹೊತ್ತು ಕೂತಿದ್ದಳು. ಅವಳ ಎಲ್ಲ ತಟ್ಟೆಗಳಲ್ಲೂ ಕಾಫಿಪುಡಿ. ಅದೇ ಹೊಸ ಸಾರು.

"ನನ್ನ ಕೈಯೂ ಹೋಯ್ತಾ ಎಬ್ಬೆ?" ಎಂದಳು. ತಮಾಷೆ ಮಾಡಲು ಹೊರಟಿದ್ದಳು, ದನಿ ಜೊತೆಗೆ ಬರಲಿಲ್ಲ.

"ಸುಮ್ನಿರು. ನಿನ್ನ ಕೈಗೇನಾಗತ್ತೆ?" ಎಬ್ಬೆ ಅಭ್ಯಾಸಬಲದಿಂದ ಅವಳ ಕುತ್ತಿಗೆ ಮೂಸಿದ. ಏನಿಲ್ಲ. ಕುರ್ಚಿಯ ಬೆನ್ನಿಗೆ ಹಾಕಿದ್ದ ಅವಳ ಉಣ್ಣೆ ಸ್ವೆಟರನ್ನು ಎತ್ತಿ ಮೂಸಿದ. ಹೋದ ಶುಕ್ರವಾರ ತೊಟ್ಟು ಅಲ್ಲೇ ಬಿಟ್ಟುಹೋಗಿದ್ದದ್ದು ಅದು. "ಸೆಂಟು ಹಾಕಿದೀಯಲ್ಲೇ!"

"ನಾನಾ? ಈ ವಯಸ್ಸಲ್ಲಿ ಯಾರಿಗೋಸ್ಕರ?" ಬೋಡಿಲ್ ಸ್ವೆಟರನ್ನು ಕಿತ್ತುಕೊಂಡು ತಾನೂ ಮೂಸಿದಳು. "ಇದು ನಿನ್ನ ಮೇಣದಬತ್ತಿ ವಾಸನೆ ಮಾರಾಯ. ಸ್ಪ್ರೂಸು."

ಎಬ್ಬೆ ಸ್ವೆಟರನ್ನು ನೋಡಿದ. ಅರ್ಧ ತೆರೆದ ಬಾಗಿಲನ್ನು ನೋಡಿದ. ಆಮೇಲೆ ಅಲ್ಲೇ ಇದ್ದ ಸ್ಟೂಲಿನ ಮೇಲೆ, ಯಾರೋ ಭುಜ ಹಿಡಿದು ಕೂರಿಸಿದ ಹಾಗೆ ಕೂತ.

"ಅವನು ಕಾಫಿ ಆದ ಮೇಲೆ ಮಾಡ್ತಿದ್ದ," ಎಂದ. "ಕೇಕು ತರ್ತಿದ್ದ, ಅದಕ್ಕೆ ತಡ ಆಗ್ತಿತ್ತು. ಪ್ರತಿ ಶುಕ್ರವಾರ. ನಾನು ಹಚ್ಚಿಡ್ತಿದ್ದೆ."

ವಿಜ್ಞಾನಿಗೆ ಒಂದು ಅನುಮಾನ ಸಾಲದು ಅಂತ ಎಬ್ಬೆ ಪ್ರಯೋಗವನ್ನೂ ಮಾಡಿದ. ಮುಂದಿನ ಶುಕ್ರವಾರ ಬೆಳಿಗ್ಗೆ ಅರ್ಧ ತಟ್ಟೆಗಳನ್ನು ಬೋಡಿಲ್ ಹಾಗೇ ಮುಗಿಸಿದಳು. ಆಮೇಲೆ ಎಬ್ಬೆ ಬತ್ತಿಗಳನ್ನು ಹಚ್ಚಿ, ಅವುಗಳ ಮುಂದೆ ಒಬ್ಬನೇ ಕೂತ. ಕೇಕಿಲ್ಲ, ಕಾಫಿಯಿಲ್ಲ, ನಗುವಿಲ್ಲ. ಸಾವಿನ ಮನೆಯಲ್ಲಿ ಹಚ್ಚಿದ ಹಾಗೆ ಉರಿದವು. ಆಮೇಲೆ ಉಳಿದರ್ಧ ತಟ್ಟೆ. ಗುರುವಾರ ಫಲಿತಾಂಶ ನೋಡಲು ಎಬ್ಬೆಗೆ ಧೈರ್ಯ ಬರದೆ ಬೋಡಿಲ್‌ಗೆ ಹೇಳಿದ. ಅವಳು ನೋಡಿ, ಬೆಳಗಿನ ತಟ್ಟೆಗಳ ಕಡೆ ಹೌದೆಂದು ತಲೆಯಾಡಿಸಿದಳು, ಉಳಿದವುಗಳ ಕಡೆ ಆಡಿಸಲಿಲ್ಲ. ಒಂದು ವಾರ ಬಿಟ್ಟು ಮತ್ತೊಮ್ಮೆ ಮಾಡಿದರು. ಅದೇ.

ಎಬ್ಬೆ ಸಮ್ಮೇಳನದವರಿಗೆ ಬರೆದು ತನ್ನ ಸಾರಿನ ಕೀರ್ತಿಯನ್ನು ವಾಪಸ್ಸು ಕೊಟ್ಟ. ಅದು ಸಾರಿನ ಗುಣವಲ್ಲ, ಬೇಸಿಗೆಯ ಗುಣ ಅಂತ ಒಪ್ಪಿಕೊಂಡ. ಅದು ಅವನಿಗೆ ಸುಲಭವಾಗಿತ್ತು. ಬಾಕಿ ಇದ್ದದ್ದು ಇನ್ನೊಂದು.

ಅಸ್ಗರ್ ಮೋರ್ಸ್‌ಗೆ ಹಿಂತಿರುಗಿ, ಮನೆಯಲ್ಲೇ ಕೂತು ಫೋನಿನಲ್ಲಿ ಹಂದಿಯ ಮೇವು ಮಾರುತ್ತಿದ್ದಾನೆಂದು ಬೋಡಿಲ್‌ಗೆ ಗೊತ್ತಿತ್ತು. ಬರೀ ಬಾಯಿಯ ಕೆಲಸ. ಎಬ್ಬೆಗೆ ಸೈಕಲ್ಲು ಬಿಟ್ಟು ಬೇರೆ ವಾಹನ ಗೊತ್ತಿಲ್ಲ. "ಪಲ್ಲೆ, ಶನಿವಾರ ವ್ಯಾನು ತೆಗೀತೀಯಾ?" ಎಂದ.

ಮಡಿಲಲ್ಲಿ ತಗಡಿನ ತಟ್ಟೆ ಇಟ್ಟುಕೊಂಡು ಬಂದು ಕೂತ. ಕನಸಿನ ಕೇಕು, ಸ್ವಂತ ಕೈಯಿಂದ ಬೇಯಿಸಿದ್ದು. ಕೊಬ್ಬರಿ ಒಂದು ಕಡೆ ಸೀದಿತ್ತು, ನಡು ತಗ್ಗಾಗಿತ್ತು.

"ಬೇಕರಿಯಿಂದ ತರಬಹುದಿತ್ತಲ್ಲ," ಎಂದೆ.

"ಅವನು ತಂದಿದ್ದು ಬೇಕರಿಯಿಂದಲ್ಲ."

ವ್ಯಾನಿನ ಹಿಂದೆ ತೂರಕ್ಕನ ಮೇಣದಬತ್ತಿ ಪೆಟ್ಟಿಗೆ ಇತ್ತು. ಎಲ್ಲಾದರೂ ಬಿಸಾಕು ಅಂತ ಎಬ್ಬೆ ನನಗೆ ಕೊಟ್ಟಿದ್ದ. ಅಕ್ಕನ ಕೈಕೆಲಸ, ಬಿಸಾಕಲು ನನಗೂ ಮನಸ್ಸು ಬಂದಿರಲಿಲ್ಲ. ಲಿಮ್ ಕೊಲ್ಲಿಯ ಸೇತುವೆ ದಾಟಿದ ಮೇಲೆ ಎಬ್ಬೆ, "ನಾನು ಅವನನ್ನ ಎಷ್ಟು ಸಲ ಮೂಸಿದೆ ಪಲ್ಲೆ. ಎರಡೆರಡು ಸಲ. ನನ್ನ ಕೈಯಲ್ಲೇ ಬೆಂಕಿಪೊಟ್ಟಣ ಇತ್ತು," ಎಂದ.

ಅಸ್ಗರ್ ಬಾಗಿಲು ತೆರೆದಾಗ ಗಡ್ಡ ಇನ್ನೂ ಹಾಗೇ ಇತ್ತು. ಕೈಗಳು ಜೇಬಿನಲ್ಲಿ. ಎಬ್ಬೆಯನ್ನು ನೋಡಿ, ಕೇಕು ನೋಡಿ, ಗಾಳಿಯನ್ನೊಮ್ಮೆ ಎಳೆದುಕೊಂಡ.

"ಸ್ಪ್ರೂಸು," ಎಂದ. "ಈ ವಾಸನೆ ಬಂದ್ರೆ ಈಗಲೂ ಶುಕ್ರವಾರ ಅನ್ಸತ್ತೆ ನನಗೆ. ಬನ್ನಿ ಒಳಗೆ."

ಅಡುಗೆಮನೆಯ ಮೇಜಿಗೆ ಕೂತೆವು. ಕಾಫಿ ಮಾಡಿದ. ಕಪ್ಪುಗಳನ್ನು ಒಂದೊಂದಾಗಿ, ಎರಡೂ ಕೈಯಲ್ಲಿ ಹಿಡಿದು, ನೆಲ ನೋಡುತ್ತ ತಂದಿಟ್ಟ. ಹಿಂದೆ ಹಾಗಿರಲಿಲ್ಲ. ಮೂರು ಕಪ್ಪನ್ನು ಒಂದೇ ಕೈಯಲ್ಲಿ ತರುತ್ತಿದ್ದವನು.

"ಕೇಕು ಯಾರ ತಪ್ಪಿಗೆ?" ಎಂದ.

"ನಂದು," ಎಂದ ಎಬ್ಬೆ. ನಿಯಮದ ಪ್ರಕಾರ ಎದ್ದು ನಿಂತ. ನಗಿಸಬೇಕಿತ್ತು; ನಗಿಸಲಿಲ್ಲ. ಮೇಣದಬತ್ತಿಯಿಂದ ಹಿಡಿದು ಬೋಡಿಲ್‌ಳ ಸ್ವೆಟರಿನವರೆಗೆ, ಅರ್ಧರ್ಧ ತಟ್ಟೆಗಳವರೆಗೆ ಹೇಳಿ, "ನಿನ್ನ ಕೈಯಲ್ಲಿ ಏನೂ ದೋಷ ಇರ್ಲಿಲ್ಲ ಅಸ್ಗರ್. ನಾನೇ ಹಚ್ಚಿಟ್ಟು, ನಾನೇ ಸಮಾಧಾನ ಹೇಳಿ, ನಾನೇ ಕಳಿಸಿದೆ," ಎಂದು ಕೂತ.

ಅಸ್ಗರ್ ಕೈಗಳನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಬೇರೆಯವರ ವಸ್ತು ನೋಡುವ ಹಾಗೆ ನೋಡಿದ.

"ಹಾಗಾದ್ರೆ ಇವು ಸರಿ ಇದ್ವು."

"ಇದ್ವು."

"ಆ ಮೊದಲನೇ ತಟ್ಟೆ ಬಿಟ್ಟು. ಫೋನು ಬಂದಾಗ."

"ಅದೊಂದು ಬಿಟ್ಟು."

ಅಸ್ಗರ್ ಸಣ್ಣಗೆ ನಕ್ಕ. "ನೋಡು, ಅವಕ್ಕೆ ನಾನು ಇಷ್ಟ ಇಲ್ಲ ಅಂತಿದ್ದೆ. ನೀವೆಲ್ಲ ನಕ್ಕಿದ್ರಿ."

ನಾನು ಕೊಬ್ಬರಿಯ ಸೀದ ಅಂಚನ್ನು ನೋಡಿದೆ.

"ವಾಪಸ್ ಬಾ," ಎಂದ ಎಬ್ಬೆ. "ಜಾಗ ಇದೆ. ಕಾಯಂ. ಬಾಗಿಲು ಈಗ ಮುಚ್ಚಿರತ್ತೆ, ಬತ್ತಿಗಿತ್ತಿ ಏನೂ ಇಲ್ಲ. ಬೋಡಿಲ್ ದಿನಾ ಕೇಳ್ತಾಳೆ."

ಅಸ್ಗರ್ ಬಲಗೈಯನ್ನು ಮೇಜಿನಿಂದ ಒಂದು ಗೇಣು ಮೇಲೆತ್ತಿ ಹಿಡಿದ, ನಳಿಗೆ ಹಿಡಿದ ಹಾಗೆ, ಬೆರಳ ತುದಿ ಸೇರಿಸಿ. ಬೆರಳುಗಳು ನಡುಗುತ್ತಿದ್ದವು. ಹೆಚ್ಚಲ್ಲ. ಗೋಡೆಗೆ ಮೊಳೆ ಹೊಡೆಯುವವನಿಗೆ ಸಾಕಾಗುವಷ್ಟು ಸ್ಥಿರ. ಅಂಡ ಎತ್ತುವವನಿಗೆ ಸಾಲದು.

"ಆಗ ನಡುಗ್ತಿರ್ಲಿಲ್ಲ," ಎಂದ. "ಫೆಬ್ರವರಿಯಿಂದ ಶುರುವಾಯ್ತು. ಏನು ಹಿಡಿದ್ರೂ ಇದು ಸತ್ತುಹೋಗತ್ತೇನೋ ಅನ್ಸತ್ತೆ, ಆಗ ನಡುಗತ್ತೆ. ಬೇಸಿಗೇಲಿ ಅಕ್ಕನ ಮಗೂನ ಕೊಟ್ರು ಕೈಗೆ. ತಗೊಳ್ಳಲಿಲ್ಲ."

"ಅಭ್ಯಾಸ ಮಾಡಿದ್ರೆ ಹೋಗತ್ತೆ," ಎಂದ ಎಬ್ಬೆ. "ಖಂಡಿತ ಹೋಗತ್ತೆ. ಸಮಾಧಾನ ಮಾಡ್ಕೋ."

'ಸಮಾಧಾನ' ಅನ್ನುವುದು ಬಾಯಿಂದ ಬಿದ್ದಮೇಲೆ ಅವನಿಗೇ ಕೇಳಿಸಿತು.

ಎಬ್ಬೆ ಚಾಕು ತೆಗೆದುಕೊಂಡು ಕೇಕನ್ನು ಕತ್ತರಿಸಲು ಹೋದ. ಅಸ್ಗರ್ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

"ಇದನ್ನ ತಿಂದ್ರೆ ಆಮೇಲೆ ಇದರ ಮಾತು ಆಡೋ ಹಾಗಿಲ್ಲ, ಅಲ್ವಾ ನಿಯಮ?"

"ಹೌದು."

"ನಾನು ಒಂದು ಚಳಿಗಾಲ ಪೂರ್ತಿ ತಿನ್ನಿಸಿದೆ. ನೀವು ತಿಂದು ಮುಗಿಸಿದ್ರಿ. ನನ್ನೊಳಗೆ ಒಂದೂ ಮುಗೀಲಿಲ್ಲ." ಅವನ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಎಬ್ಬೆಗೆ ಹಗುರವಾಗುತ್ತಿತ್ತು. "ಇವತ್ತು ಬೇಡ ಎಬ್ಬೆ."

ಎದ್ದು ಕೇಕನ್ನು ಕಾಗದದಲ್ಲಿ ಸುತ್ತಿದ. ಫ್ರೀಜರ್ ತೆರೆದು ಬಟಾಣಿ ಚೀಲಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿ ಇಟ್ಟ. "ಹಂದಿ ಭ್ರೂಣ ಆಗಿದ್ರೆ ಇಲ್ಲೇ ಸತ್ತಿರ್ತಿತ್ತು," ಎಂದ. "ಕೇಕು ಸಾಯಲ್ಲ. ಇರ್ಲಿ."

ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ಎಬ್ಬೆ ಕೈ ಚಾಚಿದ. ಅಸ್ಗರ್ ಒಂದು ಗಳಿಗೆ ತಡೆದು, ತನ್ನ ಕೈಯನ್ನು ಜೇಬಿನಿಂದ ತೆಗೆದು ಕುಲುಕಿ, ಮತ್ತೆ ಜೇಬಿನೊಳಗಿಟ್ಟುಕೊಂಡ.

ಈಗ ನಮ್ಮ ಕಾಫಿ ಕೋಣೆಯಲ್ಲಿ ಟ್ಯೂಬ್‌ಲೈಟು. ಕೂತವರ ಮುಖವೆಲ್ಲ ಆಸ್ಪತ್ರೆಯಿಂದ ಬಂದವರ ಹಾಗೆ ಕಾಣುತ್ತದೆ. ಗುಳ್ಳೆಗಳೇನೋ ಚೆನ್ನಾಗಿ ಬರುತ್ತಿವೆ. ಬಾಗಿಲಿನ ನಿಯಮದ ಹಲಗೆಯಲ್ಲಿ ಸೆಂಟು, ಸೋಪಿನ ಕೆಳಗೆ ಎಬ್ಬೆ ತಾನೇ 'ಮೇಣದಬತ್ತಿ' ಅಂತ ಬರೆದಿದ್ದಾನೆ. ಕುತ್ತಿಗೆ ಮೂಸುವುದನ್ನು ಮಾತ್ರ ಬಿಟ್ಟಿದ್ದಾನೆ. ಆ ಕೆಲಸ ಈಗ ಬೋಡಿಲ್‌ಳದು. ಅವಳು ಮೊದಲು ಮೂಸುವುದು ಎಬ್ಬೆಯನ್ನು.

ಶುಕ್ರವಾರ ಕಾಫಿ ಹೊತ್ತಿಗೆ ಎಬ್ಬೆ ಮೋರ್ಸ್‌ಗೆ ಫೋನು ಮಾಡುತ್ತಾನೆ. ಅಸ್ಗರ್ ಮೇವಿನ ಸುದ್ದಿ ಹೇಳುತ್ತಾನೆ, ಎಬ್ಬೆ ಗುಳ್ಳೆಯ ಸುದ್ದಿ ಹೇಳುತ್ತಾನೆ. ಕೈಯ ಸುದ್ದಿ ಇಬ್ಬರೂ ಎತ್ತುವುದಿಲ್ಲ. ಇಡುವ ಮುಂಚೆ ಎಬ್ಬೆ ನಮ್ಮ ಕಡೆ ಬೆನ್ನು ತಿರುಗಿಸಿ, ದನಿ ತಗ್ಗಿಸಿ ಕೇಳುತ್ತಾನೆ:

"ತಿಂದೆಯಾ?"

ಕೋಣೆ ನಿಶ್ಶಬ್ದವಾಗಿರುವುದರಿಂದ ಆ ಕಡೆಯ ಉತ್ತರ ನಮಗೂ ಕೇಳಿಸುತ್ತದೆ.

"ಇನ್ನೂ ಇಲ್ಲ."